ಏಳು ನಿಮಿಷದ ಗಟ್ಟಿಮೇಳ

ಹೋದ ವಾರ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸುತ್ತಿದ್ದೆ. ನಮ್ಮ ಮೈಸೂರಿನ ಮನೆಯ ಅಟ್ಟವೆಂದರೆ ಕತಾರ್‌ನಿಂದ ಬಂದ ಸಾಮಾನಿನ ಗೋಡೌನು. ಇವತ್ತು ಬಿಚ್ಚೋಣ, ನಾಳೆ ಬಿಚ್ಚೋಣ ಅನ್ನುತ್ತ ಕೂದಲು ಬೆಳ್ಳಗಾಯಿತು. ಒಂದು ಪೆಟ್ಟಿಗೆಯ ತಳದಿಂದ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದು ಉರುಳಿಕೊಂಡು ಬಂತು. ಮುಚ್ಚಳಕ್ಕೆ ಕಪ್ಪು ಟೇಪು ಸುತ್ತಿದೆ. ಪಕ್ಕಕ್ಕೆ ಮುರಿದ ಸೌಟಿನ ಹಿಡಿಕೆಯೊಂದನ್ನು ತಂತಿ ಹಾಕಿ ಬಿಗಿದಿದೆ. ಎತ್ತಿದರೆ ಒಳಗಿನಿಂದ ಝಳ್ ಅಂದಿತು. ಕೈ ತಾನಾಗಿಯೇ ಇನ್ನೆರಡು ಸಲ ಆಡಿತು. ಝಳ್, ಝಳಝಳ್... ಒಳಗಿರುವುದು ಹುರುಳಿಕಾಳು. ಕಾಲು ಶತಮಾನ ದಾಟಿದ ಹುರುಳಿ. ಹುಳ ಹಿಡಿಯದೆ ಹೇಗೆ ಉಳಿಯಿತೋ ದೇವರೇ ಬಲ್ಲ.

ಆ ಸದ್ದಿನ ಬೆನ್ನಿಗೇ ಸ್ಟೋರಣ್ಣ ಬಂದು ನಿಂತಂತಾಯಿತು.

ಸ್ಟೋರಣ್ಣ ಅನ್ನುವುದು ನಾವು ಕರೆಯುತ್ತಿದ್ದ ಹೆಸರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮವರು ರಾಸ್ ಲಫಾನ್‌ನಲ್ಲಿ ಆಗತಾನೇ ಏಳುತ್ತಿದ್ದ ಒಂದು ಗ್ಯಾಸ್ ಪ್ಲಾಂಟಿನ ಆಫೀಸಿನಲ್ಲಿದ್ದರು. ಮನೆ ಅಲ್ ಖೋರ್‌ನ ಕಂಪನಿ ಕ್ವಾರ್ಟರ್ಸಿನಲ್ಲಿ. ಅದೇ ಪ್ಲಾಂಟಿನ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಉಡುಪಿ ಕಡೆಯ ಇವರು. ಮನೆಯಲ್ಲಿ ತುಳು, ನಮ್ಮೊಂದಿಗೆ ಕನ್ನಡ, ಉಳಿದವರೊಂದಿಗೆ ಬಾಯಿಗೆ ಬಂದದ್ದು. ಯಾವ ನಟ್ಟು ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಹೆಂಡತಿ, ಮಗಳು ಊರಿನಲ್ಲಿ. ಇವರು ಮೂವರೊಂದಿಗೆ ಒಂದು ಕೋಣೆ ಹಂಚಿಕೊಂಡು ಕತಾರ್‌ನಲ್ಲಿ ಹನ್ನೊಂದು ವರ್ಷ ಕಳೆದಿದ್ದರು. ಶುಕ್ರವಾರದ ಊಟ ಮಾತ್ರ ನಮ್ಮಲ್ಲಿ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಅನ್ನುತ್ತಿದ್ದರು. ಅದು ಅವರ ಊರಿನ ಮರ್ಯಾದೆ.

"ಅಕ್ಕ, ಈ ಸಾರಿಗೆ ಬೆಲ್ಲ ಹಾಕಿದ್ದು ಯಾರು, ಮಕ್ಕಳಾ?" ಎಂದು ಮೊದಲ ಶುಕ್ರವಾರ ಕೇಳಿದರು. "ನಾನೇ ಅಣ್ಣ," ಅಂದೆ. "ಹಾಗಾದರೆ ಒಳ್ಳೆಯದುಂಟು," ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು.

ಅವರದು ದೇವಸ್ಥಾನದ ವಾದ್ಯದ ಮನೆತನ ಎಂದು ನಮಗೆ ಗೊತ್ತಾಗಲು ವರ್ಷ ಹಿಡಿಯಿತು. ಅಜ್ಜ ನಾಗಸ್ವರ ಊದುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಸ್ಯಾಕ್ಸೋಫೋನ್ ಬಂತು. "ಇದೆಂತದು, ಹುಕ್ಕದ ಹಾಗೆ ಉಂಟು?" ಎಂದು ಊರ ಹಿರಿಯರು ಮೂಗು ಮುರಿದರಂತೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ಹುಕ್ಕವಿಲ್ಲದೆ ದೇವರ ಉತ್ಸವ ಹೊರಡುತ್ತಿರಲಿಲ್ಲ. ಅಣ್ಣ ತಮ್ಮ ಇಬ್ಬರೂ ಅಪ್ಪನ ಎದುರು ಕೂತು ಕಲಿತವರು. ಅಣ್ಣ ದೇವಸ್ಥಾನದಲ್ಲಿ ಉಳಿದರು, ತಮ್ಮನಾದ ಇವರು ಕತಾರ್‌ಗೆ ಬಂದರು. ವಾದ್ಯ ಮಾತ್ರ ಜೊತೆಗೇ ಬಂದಿತ್ತು, ಮಂಚದ ಕೆಳಗೆ, ಕರಿಯ ಪೆಟ್ಟಿಗೆಯಲ್ಲಿ. ಆಯುಧಪೂಜೆಯ ದಿನ ಒರೆಸಿ ಕುಂಕುಮ ಹಚ್ಚಿ ಮತ್ತೆ ಒಳಗಿಡುತ್ತಿದ್ದರು. ಪಾಳಿಯ ಮೇಲೆ ಮಲಗುವ ಮೂವರ ನಡುವೆ ಊದುವುದಾದರೂ ಹೇಗೆ?

ಇನ್ನು ಆ ಡಬ್ಬಿಯ ಕತೆಗೆ ಬರುತ್ತೇನೆ. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಕೊಲಂಬಿಯಾ ದೇಶದ ವೆಲ್ಡಿಂಗ್ ಇನ್ಸ್‌ಪೆಕ್ಟರ್ ಒಬ್ಬರಿದ್ದರು. ಆನೆಯಂಥ ಆಳು, ಮಗುವಿನಂಥ ನಗು. ಊರಿನಿಂದ ಒಂದು ಡೋಲು ತಂದಿದ್ದರು. ಎರಡೂ ಕಡೆ ಚರ್ಮ, ಎರಡು ಕೋಲು, ನೋಡಿದರೆ ನಮ್ಮ ಡೋಲಿನ ಸೋದರಸಂಬಂಧಿಯೇ. ಶುಕ್ರವಾರ ಬೆಳಿಗ್ಗೆ ಕ್ವಾರ್ಟರ್ಸಿನ ರಿಕ್ರಿಯೇಷನ್ ಹಾಲಿನ ಹಿಂದಿನ ಕೋಣೆಯಲ್ಲಿ, ಟೇಬಲ್ ಟೆನ್ನಿಸ್ ಮೇಜನ್ನು ಗೋಡೆಗೆ ಒರಗಿಸಿ, ಬಾರಿಸಲು ಕೂರುತ್ತಿದ್ದರು. ಫಿಲಿಪೈನ್ಸ್‌ನ ಇಬ್ಬರು ಟೆಕ್ನಿಷಿಯನ್ನರು ಜೊತೆಗೆ, ಒಬ್ಬರದು ಕೀಬೋರ್ಡು, ಒಬ್ಬರದು ಬೇಸ್ ಗಿಟಾರು. ಅವರು ನುಡಿಸುತ್ತಿದ್ದದ್ದಕ್ಕೆ ಕುಂಬಿಯಾ ಎಂದು ಹೆಸರು. ಆ ದೇಶದ ಕರಾವಳಿಯ ಕುಣಿತದ ಸಂಗೀತ. ಕಾಲೆಳೆದುಕೊಂಡು ತೂಗಾಡುತ್ತ ಹೋಗುವ ನಡೆ, ಎರಡು ಕೊಡ ನೀರು ಹೊತ್ತವಳು ತುಳುಕಿಸದೆ ನಡೆಯುತ್ತಾಳಲ್ಲ, ಹಾಗೆ.

ಸ್ಟೋರಣ್ಣ ನಮ್ಮ ಮನೆಗೆ ಬರುವ ದಾರಿಯಲ್ಲೇ ಆ ರಿಕ್ರಿಯೇಷನ್ ಹಾಲು. ಹನ್ನೊಂದಕ್ಕೆ ಬರುತ್ತಿದ್ದವರು ಹನ್ನೆರಡಕ್ಕೆ ಬರತೊಡಗಿದರು, ಆಮೇಲೆ ಒಂದಕ್ಕೆ. ಹುಳಿ ಆರಿಹೋಗುತ್ತದಲ್ಲ ಎಂದು ಒಂದು ದಿನ ನಾನೇ ಹುಡುಕಿಕೊಂಡು ಹೋದೆ. ಬಾಗಿಲಾಚೆ ಬಿಸಿಲಿನಲ್ಲಿ, ಕೈಯಲ್ಲಿ ಬಸಳೆಸೊಪ್ಪಿನ ಚೀಲ ಹಿಡಿದು, ಕಣ್ಣುಮುಚ್ಚಿ ನಿಂತಿದ್ದರು. ಬೆರಳು ಚೀಲದ ಮೇಲೆ ಕದಲುತ್ತಿತ್ತು.

"ಒಳಗೆ ಹೋಗಬಾರದೇ ಅಣ್ಣ?"

"ದೇವರ ಮುಂದೆ ಊದಿದ್ದು ಅಕ್ಕ. ಕುಣಿತಕ್ಕೆ ಊದುವುದುಂಟಾ?"

ಊದಿ ಎಂದು ನಾನು ಹೇಳಿರಲೇ ಇಲ್ಲ, ಊದುವ ಮಾತು ಅವರ ಬಾಯಿಂದಲೇ ಬಂತು! ಅಷ್ಟರಲ್ಲಿ ಆ ಕೊಲಂಬಿಯಾದವರು ನಮ್ಮನ್ನು ನೋಡಿ ಹೊರಗೆ ಬಂದರು. ನಾನು ಇಂಗ್ಲಿಷಿನಲ್ಲಿ ಸಂಗತಿ ಹೇಳಿದೆ. ಅವರು ಮುಖವೊರೆಸಿಕೊಳ್ಳುತ್ತ ವಿವರಿಸಿದರು. ಅವರ ಊರಿನ ಬ್ಯಾಂಡು ಬೆಳಿಗ್ಗೆ ಸಂತನ ಮೆರವಣಿಗೆಗೆ ಹೋಗುತ್ತದಂತೆ, ಮಧ್ಯಾಹ್ನ ಅದೇ ಬ್ಯಾಂಡು ಚೌಕದಲ್ಲಿ ಕುಣಿಸುತ್ತದಂತೆ. ಕುಂಬಿಯಾದ ಕೊಳಲು ಅಲ್ಲಿಯ ಮೂಲದವರದು, ಡೋಲು ಆಫ್ರಿಕದಿಂದ ಸಂಕೋಲೆ ತೊಟ್ಟು ಬಂದವರದು, ಹಾಡಿನ ಭಾಷೆ ಸ್ಪೇನಿನವರದು. "ಅಜ್ಜನ ಕಾಲಕ್ಕೆ ಕೊಳಲು, ಡೋಲು ಅಷ್ಟೇ. ಅಪ್ಪನ ಕಾಲಕ್ಕೆ ಸ್ಯಾಕ್ಸೋಫೋನ್ ಬಂತು, ನನ್ನ ಕಾಲಕ್ಕೆ ಕೀಬೋರ್ಡು. ಪ್ರತಿಸಲವೂ ಹಿರಿಯರು ಬೈದರು. ಬೈದು ಮುಗಿಸಿ ಕುಣಿದರು."

ನಾನು ಅದನ್ನು ಕನ್ನಡಕ್ಕೆ ತಂದು ಹೇಳಿದಾಗ ಸ್ಟೋರಣ್ಣ ಬಿದ್ದು ಬಿದ್ದು ನಕ್ಕರು. "ಹುಕ್ಕ! ಅಲ್ಲಿಯೂ ಯಾರೋ ಹುಕ್ಕ ಅಂದಿರಬೇಕು!"

ಮುಂದಿನ ಶುಕ್ರವಾರ ಕರಿಯ ಪೆಟ್ಟಿಗೆ ಬಂತು. ಬೂಟು ಹೊರಗೆ ಕಳಚಿ, ವಾದ್ಯವನ್ನು ಕಣ್ಣಿಗೊತ್ತಿಕೊಂಡು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ನಿಂತಿದ್ದ ಮೂವರೂ ಮುಖ ಮುಖ ನೋಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ತಾವೂ ಬೂಟು ಬಿಚ್ಚಿದರು. ಸ್ಟೋರಣ್ಣ ಮೋಹನ ರಾಗ ಹಿಡಿದರು. ಸ್ವರ ಸ್ವರವನ್ನೂ ಜೋಕಾಲಿಯಂತೆ ತೂಗಿ ತೂಗಿ ಇಳಿಸುವ ಅವರ ಊದು, ಅದರ ಕೆಳಗೆ ಕಾಲೆಳೆಯುವ ಆ ಡೋಲು... ಒಂದು ಸುತ್ತು ಜಗಳವಾಡಿದವು, ಎರಡನೆಯ ಸುತ್ತಿಗೆ ಮಾತಾಡಿಸಿದವು, ಮೂರನೆಯದಕ್ಕೆ ಒಂದೇ ಮನೆಯವರಾದವು. ಅಂದಿನಿಂದ ಸ್ಟೋರಣ್ಣನ ಬಾಯಲ್ಲಿ ಕೊಲಂಬಿಯಾದವರು "ಡೋಲಿನವರು" ಆದರು.

ಒಂದು ಗಿಲಕಿಯ ಕೊರತೆ ಇತ್ತು. ಡೋಲಿನವರು ಡಬ್ಬಿಗೆ ಅಕ್ಕಿ ತುಂಬಿದ್ದರು. ಅಕ್ಕಿ ಪಿಸುಗುಡುತ್ತದೆ, ಕಡಲೆ ಜಗಳವಾಡುತ್ತದೆ, ಹುರುಳಿ ಹಾಕಿ ಎಂದೆ. ಸಲಹೆ ಕೊಟ್ಟ ತಪ್ಪಿಗೆ ಡಬ್ಬಿ ನನ್ನ ಕೈಗೇ ಬಂತು.

ಹೀಗೆ ಚೆನ್ನಾಗಿ ನಡೆಯುತ್ತಿರುವಾಗ ಸ್ಟೋರಣ್ಣನ ಮಗಳ ಮದುವೆ ನಿಶ್ಚಯವಾಯಿತು. ಗಂಡು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದ, ರಜೆ ಇಪ್ಪತ್ತೇ ದಿನ. ಮೇ ತಿಂಗಳ ಆ ಮುಹೂರ್ತ ತಪ್ಪಿದರೆ ಮುಂದಿನದು ಎರಡು ವರ್ಷಕ್ಕೆ. ಸ್ಟೋರಣ್ಣ ರಜೆ ಬರೆದುಕೊಟ್ಟರು, ಸೀರೆ ತಂದರು, ಸೂಟ್‌ಕೇಸಿಗೆ ಹಗ್ಗ ಕೂಡ ಬಿಗಿದರು. ಅಷ್ಟರಲ್ಲಿ ಪ್ಲಾಂಟು ಶುರುಮಾಡುವ ದಿನ ಹಿಂದೆ ಮುಂದೆ ಆಗಿ ಸರಿಯಾಗಿ ಅದೇ ವಾರಕ್ಕೆ ಬಂದು ಕೂತಿತು. ಉಗ್ರಾಣ ಬಿಟ್ಟು ಯಾರೂ ಕದಲುವಂತಿಲ್ಲ. ರಜೆ ಖಲಾಸ್.

ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು. "ಎಷ್ಟು ಮದುವೆಗೆ ಗಟ್ಟಿಮೇಳ ಊದಿದ್ದೇನೆ ಅಕ್ಕ, ಲೆಕ್ಕವಿಲ್ಲ. ಯಾರ್ಯಾರದೋ ಮಕ್ಕಳು. ನನ್ನ ಮಗಳ ಧಾರೆಗೆ ನಾನಿಲ್ಲ." ನಮ್ಮವರು ಅವರ ಎಲೆಗೆ ತಾವೇ ಇನ್ನಷ್ಟು ಹುಳಿ ಬಡಿಸಿದರು.

ಕ್ಯಾಸೆಟ್ಟಿನ ಯೋಚನೆ ಬಂದದ್ದು ಅಲ್ಲೇ, ಆ ಎಲೆಯ ಮುಂದೆ. ಧಾರೆಯ ಹೊತ್ತಿಗೆ ಅಪ್ಪ ಇರದಿದ್ದರೂ ಅಪ್ಪನ ಊದು ಇರಲಿ! ಸ್ಟೋರಣ್ಣ ಅಣ್ಣನಿಗೆ ಪತ್ರ ಬರೆದರು. ಕನ್ಯಾದಾನ ಮಾಡಬೇಕಾದವರು ಆ ದೊಡ್ಡಪ್ಪನೇ. ಉತ್ತರ ಬಂತು, ನಾಲ್ಕೇ ಸಾಲು. ವಾದ್ಯದವರ ಮನೆಯ ಮದುವೆಗೆ ಕ್ಯಾಸೆಟ್ಟು ಹಾಕಿದರು ಎಂದು ಊರೆಲ್ಲ ಆಡಿಕೊಳ್ಳಲಿಕ್ಕಾ? ನಮ್ಮವರೇ ಆರು ಜನ ಚಪ್ಪರದಲ್ಲಿ ಕೂರುತ್ತಾರೆ. ನೀನು ಕಳಿಸಿದರೆ ಕಳಿಸು, ಹಾಕುವ ಮಾತು ಕೊಡಲಾರೆ.

"ಹಾಕಲಿಕ್ಕಿಲ್ಲ," ಅಂದರು ಸ್ಟೋರಣ್ಣ. ಆದರೂ ಕಳಿಸುವುದು ಎಂದು ತೀರ್ಮಾನವಾಯಿತು.

ರೆಕಾರ್ಡಿಂಗಿನ ದಿನ ನೆನೆದರೆ ಈಗಲೂ ಬೆವರುತ್ತದೆ. ಏಸಿಯ ಗುಂಯ್ ಶಬ್ದ ಟೇಪಿಗೆ ಬರುತ್ತದೆಂದು ಏಸಿ ಬಂದ್. ನಮ್ಮ ಮನೆಯ ಟೂ-ಇನ್-ವನ್ ಮಧ್ಯೆ, ಸುತ್ತ ನಾವು. ಕೀಬೋರ್ಡು ಗಿಟಾರಿನವರು ಅವತ್ತು ಬರೀ ಕೇಳುಗರು. ಗಟ್ಟಿಮೇಳ ಎಂದರೆ ಏನೆಂದು ಡೋಲಿನವರಿಗೆ ತಿಳಿಸುವುದೇ ದೊಡ್ಡ ಕೆಲಸವಾಯಿತು. ಅವರು ಏನು ಬಾರಿಸಿದರೂ ಕುಂಬಿಯಾದ ತೂಗು ಬಂದುಬಿಡುತ್ತಿತ್ತು.

"ಮಾಫಿ ಡಾನ್ಸ್! ಇದು ಕುಣಿಯಲಿಕ್ಕಲ್ಲ ಮಾರಾಯ್ರೆ, ಮುಚ್ಚಲಿಕ್ಕೆ," ಎಂದು ಸ್ಟೋರಣ್ಣ ಕೈಬೀಸಿದರು. ಮಾಫಿ ಎಂದರೆ ಅರಬ್ಬಿಯಲ್ಲಿ ಇಲ್ಲ, ಬೇಡ. ಏನನ್ನು ಮುಚ್ಚುವುದು ಎಂದು ಡೋಲಿನವರು ನನ್ನತ್ತ ತಿರುಗಿದರು. ಮುಹೂರ್ತದ ಹೊತ್ತಿನಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದು, ಅದಕ್ಕೆ ಎಂದೆ. ನಮ್ಮಜ್ಜಿ ಹೇಳುತ್ತಿದ್ದ ಮಾತನ್ನೂ ಸೇರಿಸಿದೆ, ಕಿವಿಗೆ ಬಿದ್ದ ಕೆಡುನುಡಿ ಸೆರಗಿಗೆ ಬಿದ್ದ ಕಿಡಿ ಎಂದು. ಡೋಲಿನವರು ಡೋಲನ್ನು ಮಂಡಿಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೋಲೆತ್ತಿ ಬಾರಿಸಿದ ಪರಿಯಿದೆಯಲ್ಲ, ಗೋಡೆಗೆ ಒರಗಿದ್ದ ಟೇಬಲ್ ಟೆನ್ನಿಸ್ ಮೇಜೇ ನಡುಗಿತು.

ಅರ್ಧ ನಿಮಿಷಕ್ಕೆ ಸ್ಟೋರಣ್ಣ ನಿಲ್ಲಿಸಿದರು. "ಖಲಾಸ್?" "ಖಲಾಸ್." ಅಷ್ಟರಲ್ಲಿ ಸ್ಟೋರಣ್ಣನ ಮುಖ ಬದಲಾಯಿತು. ಗಟ್ಟಿಮೇಳಕ್ಕೆ ಇಷ್ಟೇ ಉದ್ದ ಎಂಬುದಿಲ್ಲ. ಧಾರೆ ಎರೆಯುವ ಕೈ ನೋಡುತ್ತ ಊದುವುದು, ಕೈ ಇಳಿದಾಗ ನಿಲ್ಲಿಸುವುದು. ಇಲ್ಲಿ ಕೈ ಕಾಣುವುದಿಲ್ಲ. ಅಲ್ಲಿ ಗಿಂಡಿಯ ನೀರು ಮುಗಿಯುವ ಮುಂಚೆ ಟೇಪು ಮುಗಿದರೆ?

"ಅಕ್ಕ, ನಿಮ್ಮ ಮದುವೆಯಲ್ಲಿ ಎಷ್ಟು ಹೊತ್ತಾಯಿತು?"

"ತಲೆ ತಗ್ಗಿಸಿ ಕೂತಿದ್ದೆ ಅಣ್ಣ, ಗಡಿಯಾರ ನೋಡಿದೆನೇ?"

"ನನಗಂತೂ ಒಂದು ಗಂಟೆ ಆದಂತಿತ್ತು," ಅಂದರು ನಮ್ಮವರು.

ಹೆಚ್ಚಾದರೆ ದೋಷವಿಲ್ಲ, ಕಡಿಮೆಯಾದರೆ ಅಪಶಕುನ. ಉಸಿರು ಇರುವಷ್ಟು ಊದುತ್ತೇನೆ ಎಂದು ಸ್ಟೋರಣ್ಣ ಕೂತರು. ನಾನು ಟೇಪನ್ನು ಮೊದಲಿಗೆ ಸುತ್ತಿ ಗುಂಡಿ ಒತ್ತಿದೆ. "ಯಲ್ಲಾ!" ಎಂದರು ಡೋಲಿನವರು, ಹೊರಡೋಣ ಎಂಬ ಅರಬ್ಬಿ ಮಾತು. ಒಂದು ನಿಮಿಷ, ಎರಡು, ಮೂರು... ಐವತ್ತು ದಾಟಿದ ಎದೆ, ಏಸಿಯಿಲ್ಲದ ಕೋಣೆ. ನಾಲ್ಕನೆಯ ನಿಮಿಷಕ್ಕೆ ಸ್ಟೋರಣ್ಣ ಬಾಯಿಂದ ವಾದ್ಯ ತೆಗೆದು ಏದುಸಿರು ಬಿಟ್ಟರು, ನಿಲ್ಲಿಸಬೇಡಿ ಎಂದು ಡೋಲಿನತ್ತ ಸನ್ನೆ ಮಾಡಿದರು. ಒಂಟಿಯಾಗಿ ಬಿಟ್ಟರೆ ಡೋಲು ಎಲ್ಲಿಗೆ ಹೋದೀತು? ಸಂಜೆಯ ಹಸುವಿನಂತೆ ತನ್ನ ಮನೆಯ ದಾರಿ ಹಿಡಿಯಿತು, ಕುಂಬಿಯಾದ ದಾರಿ. ನನ್ನ ಕೈಯೂ ಸುಮ್ಮನಿರಲಿಲ್ಲ, ಹುರುಳಿ ಝಳಝಳಿಸಿತು. ಸ್ಟೋರಣ್ಣ ಉಸಿರು ಕೂಡಿಸಿಕೊಂಡು ಮತ್ತೆ ಬಂದಾಗ ಬಂದದ್ದು ಗಟ್ಟಿಮೇಳವಲ್ಲ, ಮೋಹನ. ಅದೂ ಕಣ್ಣುಮುಚ್ಚಿ, ತೂಗುತ್ತ. ಮುಗಿದಾಗ ಟೇಪಿನಲ್ಲಿ ಏಳು ನಿಮಿಷವಾಗಿತ್ತು.

"ಛೆ, ಛೆ! ಅಳಿಸಿ ಅಕ್ಕ, ಅಳಿಸಿ!"

ಅಳಿಸಿ ಮತ್ತೆ ಮಾಡಲು ಹೊತ್ತೆಲ್ಲಿ? ಮಂಗಳೂರಿಗೆ ಹೊರಟಿದ್ದವರೊಬ್ಬರು ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ತಮ್ಮ ಫ್ಲ್ಯಾಟಿನಲ್ಲಿ ಕಾಯುತ್ತಿದ್ದರು, ಸಂಜೆಯ ವಿಮಾನ. ಕ್ಯಾಸೆಟ್ಟಿನ ಮೇಲೆ ನಾನೇ ದಪ್ಪಕ್ಷರದಲ್ಲಿ ಬರೆದೆ: "ಧಾರೆ ಮುಗಿದ ಕೂಡಲೇ ನಿಲ್ಲಿಸುವುದು."

ಮದುವೆಯ ದಿನ ಮಧ್ಯಾಹ್ನ ಸ್ಟೋರಣ್ಣ ಟೆಲಿಫೋನ್ ಕಾರ್ಡು ಹಾಕಿ ಊರಿಗೆ ಮಾತಾಡಿದರು. ಆ ಕಡೆ ಗದ್ದಲವೋ ಗದ್ದಲ. ಎಲ್ಲ ಚೆನ್ನಾಗಿ ಆಯಿತು ಎಂದರು ಅಣ್ಣ, ಅಷ್ಟೇ. ಮಗಳು ಫೋನು ತೆಗೆದುಕೊಂಡು ಅಪ್ಪಾ ಅಂದಳು, ಅಳುತ್ತಿದ್ದಳೋ ನಗುತ್ತಿದ್ದಳೋ... ಕಾರ್ಡು ಮುಗಿಯಿತು. ಕ್ಯಾಸೆಟ್ಟು ಹಾಕಿದರೇ ಎಂದು ಇವರು ಕೇಳಲಿಲ್ಲ. ಆಮೇಲೆ ಮಾಡಿದ ಫೋನುಗಳಲ್ಲೂ ಕೇಳಲಿಲ್ಲ. "ಹಾಕಲಿಲ್ಲ ಅಂದುಬಿಟ್ಟರೆ?" ಅಂದರು ನನಗೆ.

ಮದುವೆಯ ವಿಡಿಯೋ ಬಂದದ್ದು ತಿಂಗಳ ಮೇಲೆ, ಯಾರದೋ ಸೂಟ್‌ಕೇಸಿನಲ್ಲಿ. ಶುಕ್ರವಾರ ಊಟವಾದ ಮೇಲೆ ನಮ್ಮ ಮನೆಯಲ್ಲಿ ಹಾಕಿದೆವು. ಡೋಲಿನವರು ಇಸ್ತ್ರಿಯ ಶರ್ಟು ತೊಟ್ಟು, ಮದುವೆಗೆ ಬರಿಗೈಲಿ ಬರಬಾರದೆಂದು ಖರ್ಜೂರದ ಡಬ್ಬಿ ಹಿಡಿದು ಬಂದರು. ಸ್ಟೋರಣ್ಣ ಟೀವಿಯ ಮುಂದೆ ನೆಲದ ಮೇಲೆ ಕೂತರು. ಕುರ್ಚಿ ಬೇಡವಂತೆ.

ಚಪ್ಪರ ಕಂಡಿತು, ಆರು ಜನ ವಾದ್ಯದವರು ಕಂಡರು. ಮಗಳು ಸೆರಗು ಸರಿಮಾಡಿಕೊಂಡು ಬಂದು ನಿಂತಳು. ದೊಡ್ಡಪ್ಪ ಗಿಂಡಿ ಎತ್ತಿದರು, ಕಂಬದಂಥ ಮನುಷ್ಯ, ಮುಖದಲ್ಲಿ ಒಂದು ಗೆರೆಯೂ ಸಡಿಲವಿಲ್ಲ. ಚಪ್ಪರದಲ್ಲಿದ್ದವರು ಸ್ಯಾಕ್ಸೋಫೋನನ್ನು ತುಟಿಗೆ ತಂದರು.

"ಆಯ್ತು ಬಿಡಿ," ಎಂದರು ಸ್ಟೋರಣ್ಣ ಮೆಲ್ಲಗೆ. "ಅವರದೂ ಒಳ್ಳೆಯ ಕೈ."

ಅಷ್ಟರಲ್ಲಿ ದೊಡ್ಡಪ್ಪ ವಾದ್ಯದವರ ಕಡೆ ತಿರುಗಿ ಅಂಗೈ ತೋರಿಸಿದರು. ತುಟಿಗೆ ಬಂದ ವಾದ್ಯಗಳು ಮಡಿಲಿಗಿಳಿದವು. ಅವರು ಆ ಕಡೆ ಯಾರಿಗೋ ತಲೆಯಾಡಿಸಿದರು. ಸ್ಪೀಕರಿನಲ್ಲಿ ಟಕ್ ಎಂದಿತು, ಇಡೀ ಮದುವೆ ಚಪ್ಪರಕ್ಕೆ ಕೇಳುವಂತೆ ಡೋಲಿನವರ ದನಿ ಮೊಳಗಿತು: "ಯಲ್ಲಾ!"

ನಮ್ಮ ಕೋಣೆಯಲ್ಲಿ ಯಾರೂ ನಗಲಿಲ್ಲ. ಗಟ್ಟಿಮೇಳ ಹೊಡೆಯಿತು, ನೀರು ಬಿತ್ತು. ಸ್ಟೋರಣ್ಣ ಎರಡೂ ಕೈ ಜೋಡಿಸಿದ್ದರು.

ಗಿಂಡಿ ಕೆಳಗಿಳಿಯಿತು, ಗಟ್ಟಿಮೇಳ ಇಳಿಯಲಿಲ್ಲ. ಸ್ವಿಚ್ಚಿನ ಕಡೆ ಹೋದ ಒಬ್ಬನನ್ನು ದೊಡ್ಡಪ್ಪ ಕೈಯೆತ್ತಿ ತಡೆದು ಏನೋ ಅಂದರು. ಸ್ಟೋರಣ್ಣನಿಗೆ ತುಟಿ ನೋಡಿಯೇ ತಿಳಿಯಿತು. "ಊದುವವ ನಿಲ್ಲಿಸದೆ ನಾವು ಯಾರು ನಿಲ್ಲಿಸಲಿಕ್ಕೆ ಅಂದರು. ನಮ್ಮ ಮನೆಯ ಕ್ರಮ ಅದು. ಅಯ್ಯೋ ಅಕ್ಕ, ಈಗ ಆ ಬಾಲ ಬರುತ್ತದೆ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡರು. ನಾನು ಬರೆದ ದಪ್ಪಕ್ಷರ ಎಲ್ಲಿ ಹೋಯಿತೋ. ಅಕ್ಷತೆ ಹಿಡಿದ ಕೈಗಳು ಹಾಕುವುದೋ ಕಾಯುವುದೋ ತಿಳಿಯದೆ ಅಲ್ಲಲ್ಲೇ ನಿಂತಿದ್ದವು. ಸ್ಪೀಕರಿನಲ್ಲಿ ಏದುಸಿರು ಕೇಳಿತು. ಅಪ್ಪನ ಉಸಿರು ಎಂದು ಮಗಳಿಗೆ ಗೊತ್ತಾಯಿತು, ಅವಳ ಕಣ್ಣು ತುಂಬಿತು. ಆಮೇಲೆ ಆ ಡೋಲು ಮನೆಯ ದಾರಿ ಹಿಡಿಯಿತು, ನನ್ನ ಹುರುಳಿ ಝಳಝಳಿಸಿತು, ಮೋಹನ ತೂಗಿಕೊಂಡು ಬಂತು. ಹುಡುಗಿ ಒದ್ದೆ ಕೆನ್ನೆಯಲ್ಲೇ ನಕ್ಕಳು. ಮದುಮಗಳು ಹಾಗೆ ಬಾಯ್ತುಂಬ ನಗುವುದನ್ನು ಚಪ್ಪರದ ಹಣ್ಣು ಹಣ್ಣು ಮುದುಕಿಯರೂ ಕಂಡಿರಲಿಕ್ಕಿಲ್ಲ. ಚಪ್ಪರದ ಡೋಲಿನವನು ತಡೆಯಲಾರದೆ ಕೋಲೆತ್ತಿಕೊಂಡು ಜೊತೆ ಸೇರಿದ.

"ನಿಲ್ಲಿಸಿ, ಸ್ವಲ್ಪ ಹಿಂದೆ ಹಾಕಿ," ಎಂದರು ಸ್ಟೋರಣ್ಣ. ನಮ್ಮವರು ಹಿಂದೆ ಹಾಕಿದರು. "ಕೆಳಗೆ ನೋಡಿ, ಕೆಳಗೆ."

ನೋಡಿದೆವು. ಕಂಬದಂತೆ ನಿಂತ ದೊಡ್ಡಪ್ಪ, ಗೆರೆಯೂ ಸಡಿಲವಾಗದ ಮುಖ. ಪಂಚೆಯ ಅಂಚಿನ ಕೆಳಗೆ ಬಲಗಾಲಿನ ಹೆಬ್ಬೆರಳು ಮಾತ್ರ ಕುಂಬಿಯಾದ ತಾಳಕ್ಕೆ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ಮೂರು ಸಲ ನೋಡಿದೆವು. ಸ್ಟೋರಣ್ಣ ಅಷ್ಟು ಹೊತ್ತು ತಡೆದಿದ್ದು ಆಗ ಒಡೆಯಿತು, ಡೋಲಿನವರ ಆನೆಯಂಥ ಹೆಗಲಿಗೆ ತಲೆಯಿಟ್ಟು ಅತ್ತರು, ನಗುತ್ತಲೇ.

ಆಮೇಲೆ ಅಣ್ಣನ ಕಾಗದ ಬಂತು. "ಗಟ್ಟಿಮೇಳ ಸ್ವಲ್ಪ ಉದ್ದವಾಯಿತು. ಡೋಲು ಯಾರದು? ಕೈ ಒಳ್ಳೆಯದುಂಟು." ಡೋಲಿನವರು ಅದನ್ನು ನನ್ನಿಂದ ಇಂಗ್ಲಿಷಿನಲ್ಲಿ ಬರೆಸಿಕೊಂಡು ತಮ್ಮ ಹೆಲ್ಮೆಟ್ಟಿನೊಳಗೆ ಅಂಟಿಸಿಕೊಂಡಿದ್ದರು.

ಎರಡು ವರ್ಷದ ಮೇಲೆ ಸ್ಟೋರಣ್ಣ ಊರಿಗೆ ಮರಳಿದರು. ಅಣ್ಣನ ಪಕ್ಕ ಕೂತು ಬಹುಕಾಲ ಊದಿದರಂತೆ. ಡೋಲಿನವರು ಕೆಲಸ ಬದಲಿಸಿ ಹೋದರು, ಎಲ್ಲಿದ್ದಾರೋ ತಿಳಿಯದು. ಸ್ಟೋರಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಸುದ್ದಿ ಬಂದ ದಿನ ನಾನು ಸಾರಿಗೆ ಬೆಲ್ಲ ಹಾಕಲು ಮರೆತೆ.

ಇದನ್ನೆಲ್ಲ ಬರೆಯುವ ಮುಂಚೆ ಅವರ ಮಗಳಿಗೆ ಫೋನ್ ಮಾಡಿದೆ. "ಅಕ್ಕ, ನಾನೇ ಮಾಡುವವಳಿದ್ದೆ," ಅಂದಳು. ಅವಳ ಮಗಳ ಮದುವೆಯಂತೆ, ಮುಂದಿನ ತಿಂಗಳು. ಆ ಕ್ಯಾಸೆಟ್ಟು ಹಾಕೋಣವೆಂದು ತೆಗೆದರೆ ಬೂಸ್ಟು ಹಿಡಿದು ಸುತ್ತುವುದೇ ಇಲ್ಲ, ವಿಡಿಯೋದ್ದೂ ಅದೇ ಗತಿ. ನನ್ನ ಹತ್ತಿರ ಇನ್ನೊಂದು ಪ್ರತಿ ಉಂಟಾ ಎಂದು ಕೇಳಿದಳು. ಇರಲಿಲ್ಲ. ಅವತ್ತು ಪ್ರತಿ ತೆಗೆಯಲು ಹೊತ್ತೆಲ್ಲಿತ್ತು?

"ಹೋಗಲಿ, ಆ 'ಯಲ್ಲಾ' ಕ್ಯಾಸೆಟ್ಟಿನ ಡೋಲು, ಕೊನೆಗೆ ಬರುತ್ತದಲ್ಲ, ಅದು ಹೇಗಿತ್ತು ಹೇಳಿ. ನಮ್ಮ ಡೋಲಿನವರಿಗೆ ಕಲಿಸುತ್ತೇನೆ."

ಫೋನನ್ನು ಊಟದ ಮೇಜಿನ ಮೇಲಿಟ್ಟು ಎರಡು ಬೆರಳಲ್ಲಿ ತಟ್ಟಿದೆ. ಧುಂ, ತಕ ತ... ಧುಂ, ತಕ ತ... "ಹಾಗೇ ಅಕ್ಕ, ಹಾಗೇ," ಅಂದಳು. ನಾಲ್ಕು ಸುತ್ತು ಆಯಿತು. ಐದನೆಯದಕ್ಕೆ ಸ್ಯಾಕ್ಸೋಫೋನ್ ಒಳಗೆ ಬರಬೇಕು, ಅಭ್ಯಾಸಬಲದಿಂದ ಬೆರಳು ಹಗುರ ಮಾಡಿ ಜಾಗ ಬಿಟ್ಟೆ. ಇಬ್ಬರೂ ಅಷ್ಟು ಹೊತ್ತು ಕಾದೆವು...

ಆಮೇಲೆ ನಾನು ಮತ್ತೆ ತಟ್ಟತೊಡಗಿದೆ.